ಅಂಗೈಯಗಲದ ಹೆಲ್ಪ್ ಫೈಲು

ಡ್ರಾಯರ್ ಖಾಲಿ ಮಾಡುವಾಗ ನನ್ನ ಹಳೆಯ ಪಾಕೆಟ್ ಪಿಸಿ, ಅಂದರೆ ಅಂಗೈಯಗಲದ ಕಂಪ್ಯೂಟರ್, ಸಿಕ್ಕಿತು. ಪರದೆ ಒತ್ತುವ ಕಡ್ಡಿ, ಸ್ಟೈಲಸ್, ಇನ್ನೂ ಅದರ ಗೂಡಿನಲ್ಲೇ ಇದೆ! ಚಾರ್ಜಿಗೆ ಹಾಕಿದೆ, ಎದ್ದಿತು. ಆದರೆ ಒಳಗೆ ಏನೂ ಇಲ್ಲ. ಆಗಿನ ಇಂಥ ಯಂತ್ರಗಳಲ್ಲಿ ನಾವು ಹಾಕಿದ್ದೆಲ್ಲ ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ರ‍್ಯಾಮ್‌ನಲ್ಲೇ ಇರುತ್ತಿತ್ತು. ಬ್ಯಾಟರಿ ಪೂರ್ತಿ ಸತ್ತರೆ ಅದೂ ಹೋದಂತೆಯೇ. ಪುಣ್ಯಕ್ಕೆ ಮೆಮೊರಿ ಕಾರ್ಡ್ ಇತ್ತು, ಅದರ ತುಂಬ ಸಿಎಚ್‌ಎಂ ಫೈಲುಗಳು.

ಮೈಕ್ರೋಸಾಫ್ಟ್ 1997ರಲ್ಲಿ ತಂದ ಹೆಲ್ಪ್ ಫೈಲಿನ ಬಗೆ ಇದು, ಸಾಫ್ಟ್‌ವೇರ್ ಬಳಸುವುದು ಹೇಗೆಂದು ತಿಳಿಸಲು. ನೂರಾರು ಎಚ್‌ಟಿಎಂಎಲ್ (ವೆಬ್) ಪುಟ, ಚಿತ್ರ, ಪರಿವಿಡಿ, ಪದಸೂಚಿ, ಎಲ್ಲವನ್ನೂ ಒತ್ತಿ ಒಂದೇ ಗಂಟು ಕಟ್ಟಿದ ಹಾಗೆ. ಕಂಪ್ಯೂಟರಿನಲ್ಲಿ ಎಡಕ್ಕೆ ಪರಿವಿಡಿ, ಬಲಕ್ಕೆ ಪಾಠ. 240×320 ಪಿಕ್ಸೆಲ್‌ನ ಪುಟ್ಟ ಪರದೆಯಲ್ಲಿ ಎರಡಕ್ಕೂ ಜಾಗ ಎಲ್ಲಿಂದ ಬರಬೇಕು? ಓದಲು ಬೇರೆ ರೀಡರ್ ಹಾಕಿಕೊಳ್ಳಬೇಕಿತ್ತು. ಅದರ ಇನ್‌ಸ್ಟಾಲರ್ ಕೂಡ ಕಾರ್ಡಿನಲ್ಲೇ ಸಿಕ್ಕಿತು. ಅಂದಿನ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ತೆರೆದದ್ದು ಒಂದು ಪ್ರೋಗ್ರಾಮಿಂಗ್ ಕೈಪಿಡಿ. ಮಾತಿನ ಸಾಲುಗಳು ಚೆನ್ನಾಗಿ ಮಡಚಿಕೊಂಡವು. ಕೋಡ್ ಮತ್ತು ಅಗಲದ ಟೇಬಲ್ ಬಂದಾಗ ಮಾತ್ರ ತಕರಾರು. ಬಲಕ್ಕೆ ಎಳೆ, ಎಡಕ್ಕೆ ಎಳೆ, ಅಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಅನ್ನೋದೇ ಮರೆತುಹೋಗುತ್ತದೆ.

ಆದರೂ ಒಂದು ಗಂಟೆ ಓದಿದೆ. ಯಾವ ಲಿಂಕ್ ಒತ್ತಿದರೂ ಹೋಗುವುದು ಅದೇ ಫೈಲಿನ ಇನ್ನೊಂದು ಪುಟಕ್ಕೆ. ನೆಟ್ ಇಲ್ಲ, ನೋಟಿಫಿಕೇಶನ್ ಇಲ್ಲ. ಫೋನಿನಲ್ಲಿ ನಾನು ಇಷ್ಟು ಹೊತ್ತು ಒಂದೇ ಕಡೆ ಕೂತು ಓದಿದ್ದು ಯಾವಾಗ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಬ್ಯಾಟರಿ ಕಡಿಮೆ ಅಂತ ಅದೇ ಕೂಗಿತು.