ಗಣಿಯೂರಿನ ಗಂಡಸರ ಮೇಳ

ವೇಲ್ಸ್‌ಗೆ ಬಂದು ನೆಲೆಸಿದವರ ಕಿವಿಗೆ ಬೇಗನೆ ಬೀಳುವ ಮಾತೊಂದಿದೆ: ಇವರಿಗೆ ಹಾಡು ಹುಟ್ಟಿನಿಂದಲೇ ಬರುತ್ತದಂತೆ. ರಗ್ಬಿ ಪಂದ್ಯದ ದಿನ ಕಾರ್ಡಿಫ್ ಬೀದಿಯಲ್ಲಿ ನಿಂತರೆ ಹೌದೇನೋ ಅನಿಸುವುದೂ ಉಂಟು. ಆದರೆ ಇಲ್ಲಿನ ಗಂಡಸರ ಕ್ವಾಯರ್‌ಗಳ, ಅಂದರೆ ಸಮೂಹಗಾನ ತಂಡಗಳ, ಚರಿತ್ರೆ ಕೆದಕಿದ ಮೇಲೆ ನಾನಂತೂ ಅದನ್ನು ಒಪ್ಪುವುದಿಲ್ಲ. ಇವರು ಕಲಿತು ಹಾಡಿದವರು. ಅದೂ ದಿನವಿಡೀ ಕಲ್ಲಿದ್ದಲು ಗಣಿಯಲ್ಲಿ ದುಡಿದು ಬಂದ ಮೇಲೆ.

ಕಲಿಸಿದ್ದು ಚಾಪೆಲ್ ಎಂಬ ಊರಿನ ಪ್ರಾರ್ಥನಾಮಂದಿರ, ಕಲಿತದ್ದು ಟಾನಿಕ್ ಸೋಲ್‌ಫಾ ಎಂಬ ಅಗ್ಗದ ಸ್ವರಲಿಪಿಯಲ್ಲಿ. ಇಂಗ್ಲೆಂಡಿನ ಸಾರಾ ಗ್ಲೋವರ್ ಎಂಬಾಕೆಯ ಕ್ರಮವನ್ನು ಪಾದ್ರಿ ಜಾನ್ ಕರ್ವೆನ್ ತಿದ್ದಿ ಹರಡಿದ್ದು ಇದು. ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಗಳೂ ಇಲ್ಲ, ಅವುಗಳ ಮೇಲಿನ ಕಪ್ಪು ಮೊಟ್ಟೆಗಳೂ ಇಲ್ಲ. ಡೋ, ರೇ, ಮೀಗಳ ಮೊದಲಕ್ಷರ, ತಾಳಕ್ಕೆ ಎರಡು ಚುಕ್ಕಿ, ಸ್ವರ ಎಳೆಯಬೇಕಾದಲ್ಲಿ ಸಣ್ಣ ಗೆರೆ, ಇಷ್ಟೇ. ಹಳೆಯ ಹಾಳೆಯೊಂದನ್ನು ಕೈಗೆ ತಗೊಂಡಾಗ ನನಗೆ ಕಂಡದ್ದು ಸರಳೆ ವರಸೆಯ ಪುಸ್ತಕ! 'ಡೋ'ಗೂ ಇಲ್ಲಿ ಗೊತ್ತಾದ ಒಂದು ಜಾಗವಿಲ್ಲ, ನಮ್ಮ ಷಡ್ಜದಂತೆ ಶ್ರುತಿ ಎಲ್ಲಿಟ್ಟರೆ ಅಲ್ಲಿ. ಸಾಮಾನ್ಯ ಅಚ್ಚುಮೊಳೆಯಲ್ಲೇ ಮುದ್ರಿಸಬಹುದಾದ್ದರಿಂದ ಹಾಳೆಯ ಬೆಲೆ ಕೂಲಿಯವನ ಕೈಗೆಟುಕಿತು. ಪಿಯಾನೋ ಮುಟ್ಟದವರೂ ಮೇಲಿನ ದನಿಯ ಮೊದಲ ಟೆನರ್, ಎರಡನೇ ಟೆನರ್, ನಡುದನಿಯ ಬ್ಯಾರಿಟೋನ್, ತಗ್ಗುದನಿಯ ಬಾಸ್ ಎಂದು ನಾಲ್ಕು ಪಾಲಾಗಿ ನಿಂತು ಹಾಡಿದರು.

ಇನ್ನು ಹುಮ್ಮಸ್ಸು ಹುಟ್ಟಿಸಿದ್ದು ಐಸ್ಟೆಧ್‌ವೊಡ್ ಎಂಬ ಸ್ಪರ್ಧಾಮೇಳಗಳು. ದಕ್ಷಿಣ ವೇಲ್ಸ್‌ನ ರೊಂದಾ ಕಣಿವೆಯ ಟ್ರಿಯೋರ್ಕಿ ತಂಡ ತನ್ನ ಮೂಲವನ್ನು 1883ಕ್ಕೆ ಒಯ್ಯುತ್ತದೆ. ರೆಡ್ ಕೌ ಎಂಬ ಪಬ್ಬಿನಲ್ಲಿ ಸೇರುತ್ತಿದ್ದ ಗಂಡಸರು ಹಾಡಿ 1 ಪೌಂಡ್ ಬಹುಮಾನ ಗೆದ್ದರಂತೆ. ಚಾಪೆಲ್‌ನಲ್ಲಿ ಕಲಿತ ವಿದ್ಯೆ ಪಬ್ಬಿನಲ್ಲಿ ಪಕ್ವವಾಯಿತು ಅನ್ನಿ! 1895ರಲ್ಲಿ ಅವರು ವಿಂಡ್ಸರ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಮುಂದೆ ತಂಡ ನಿಂತೇಹೋಗಿ, ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಮತ್ತೆ ಕಟ್ಟಿಕೊಂಡಿತು.

ನನಗೆ ಹೆಚ್ಚು ಇಷ್ಟವಾದದ್ದು ಪಕ್ಕದ ಪೆಂಡೈರಸ್ ತಂಡದ ಕತೆ. 1924ರಲ್ಲಿ ಶುರುವಾದಾಗ ಅದರಲ್ಲಿ ಅನೇಕರಿಗೆ ಕೆಲಸವೇ ಇರಲಿಲ್ಲ. ಹೊಟ್ಟೆಗಿಲ್ಲದ ಕಾಲದಲ್ಲಿ ಹಾಡಿನ ತಾಲೀಮು ತಪ್ಪಿಸದವರನ್ನು 'ಹವ್ಯಾಸಿ' ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

1957ರದ್ದಂತೂ ಹೇಳಲೇಬೇಕು. ಅಮೆರಿಕದ ಕರಿಯ ಗಾಯಕ ಪಾಲ್ ರಾಬ್ಸನ್ ಅವರ ಪಾಸ್‌ಪೋರ್ಟನ್ನು ಅಲ್ಲಿನ ಸರ್ಕಾರ 1950ರಲ್ಲೇ ಕಿತ್ತುಕೊಂಡಿದ್ದರಿಂದ ಅವರು ಇಲ್ಲಿಗೆ ಬರುವಂತಿರಲಿಲ್ಲ. ಗಣಿಯವರು ಸುಮ್ಮನಾಗಲಿಲ್ಲ; ಪೋರ್ಥ್‌ಕಾಲ್ ಊರಿನಲ್ಲಿ ನಡೆದ ತಮ್ಮ ಮೇಳಕ್ಕೆ ಅವರನ್ನು ಫೋನಿನಲ್ಲೇ ಕರೆಸಿಕೊಂಡರು. ನ್ಯೂಯಾರ್ಕ್‌ನಿಂದ ಅವರ ದನಿ ಕಡಲಡಿಯ ತಂತಿಯಲ್ಲಿ ಬಂದು ಸಭಾಂಗಣ ತುಂಬಿತು, ಟ್ರಿಯೋರ್ಕಿ ತಂಡ ಅದೇ ತಂತಿಯಲ್ಲಿ ತಿರುಗಿ ಹಾಡಿತು.

ರೊಂದಾದ ಕೊನೆಯ ಗಣಿ ಮಾರ್ಡಿಯಲ್ಲಿ, 1990ರಲ್ಲಿ ಮುಚ್ಚಿತು. ಈಗ ಹಾಡುವವರಲ್ಲಿ ನಿವೃತ್ತರೇ ಹೆಚ್ಚು. ತಲೆ ನರೆತವರ ನಡುವೆ ಹುಡುಗರನ್ನು ಹುಡುಕಬೇಕು. ತಾಲೀಮು ಮಾತ್ರ ಬಿಟ್ಟಿಲ್ಲ. ಈ ಕಡೆ ಬಂದರೆ ಕಚೇರಿಯ ಟಿಕೆಟ್‌ಗಿಂತ ಮೊದಲು ತಾಲೀಮಿನ ಸಂಜೆ ಯಾವುದೆಂದು ಕೇಳಿ. ಎಷ್ಟೋ ತಂಡಗಳು ಹೊರಗಿನವರನ್ನು ಕೂರಿಸಿಕೊಳ್ಳುತ್ತವೆ. ಕೂರುವುದಾದರೆ ಬಾಸ್‌ಗಳು ನಿಲ್ಲುವ ಕಡೆ ಕೂತುಕೊಳ್ಳಿ. ರಾಗ ಎಳೆಯುವುದು ಟೆನರ್‌ಗಳಾದರೂ ಎದೆಗೆ ತಟ್ಟುವುದು ಆ ಮೂಲೆಯಿಂದಲೇ.