ಏಳೇ ಜನ

ಇವತ್ತು ಸಂಜೆ ಪ್ರಾರ್ಥನೆಗೆ ಬಂದಿದ್ದು 7 ಜನ. ಹಾಸನದಲ್ಲಿ ಮಧ್ಯಾಹ್ನದಿಂದ ಬಿಡದೆ ಮಳೆ. ನಾನು 30 ಕುರ್ಚಿ ಹಾಕಿದ್ದೆ.

ಮುಗಿದ ಮೇಲೂ ಒಬ್ಬ ಅಜ್ಜಿ ಏಳಲಿಲ್ಲ. ಒದ್ದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ, "ಮಗ ಮಾತು ಬಿಟ್ಟು ಎರಡು ವರ್ಷ ಆಯ್ತಪ್ಪಾ" ಅಂದರು.

ಮುಕ್ಕಾಲು ಗಂಟೆ ಮಾತಾಡಿದರು. ನಾನು ಸುಮ್ನೆ ಕೇಳಿದೆ. ಕುರ್ಚಿಗಳೆಲ್ಲ ತುಂಬಿದ್ದರೆ ಅವರು ಬಾಯಿ ಬಿಡುತ್ತಿರಲಿಲ್ಲ, ಅಲ್ವಾ?

ಮನೆಗೆ ಬಂದು ತಿಂಗಳ ವರದಿ ತೆಗೆದೆ. ಎಷ್ಟು ಜನ ಬಂದರು, ಹೊಸಬರು ಎಷ್ಟು. ಇರುವುದೇ ಎರಡು ಕಾಲಂ. ಅಜ್ಜಿಯ ಮುಕ್ಕಾಲು ಗಂಟೆಗೆ ಜಾಗವೇ ಇಲ್ಲ.

ಜನ ಬರಬೇಕು, ನಿಜ. ಆದರೆ ಸಾವಿರಾರು ಜನ ಹಿಂದೆ ಬಂದಾಗಲೂ ಯೇಸು ಜೊತೆಗಿಟ್ಟುಕೊಂಡು ತಿದ್ದಿ ಬೆಳೆಸಿದ್ದು 12 ಜನರನ್ನು.

ಇಲ್ಲೇ ಶೆಟ್ಟಿಹಳ್ಳಿಯಲ್ಲಿ 1860ರ ದಶಕದ ಚರ್ಚ್ ಇದೆ. ಎಷ್ಟು ಎತ್ತರದ ಗೋಡೆಗಳು! ಹೇಮಾವತಿಯ ಹಿನ್ನೀರು ಬಂತು, ಊರವರು ಹೋದರು. ಈಗ ಫೋಟೋ ತೆಗೆಯುವವರೇ ಜಾಸ್ತಿ.

ಕಾಲಂನಲ್ಲಿ 7 ಅಂತ ಬರೆದೆ. ನಾಳೆ ಮಳೆ ಬಿಟ್ಟರೆ ಅಜ್ಜಿ ಮನೆ ಕಡೆ ಹೋಗಿ ಬರಬೇಕು.