ಕಾರಂತರ ಗುಂಗು

ಬೆಳಿಗ್ಗೆಯಿಂದ ನಾಟಕ ನಿರ್ದೇಶಕ ಬಿ.ವಿ. ಕಾರಂತರ ರಂಗಗೀತೆಗಳದ್ದೇ ಗುಂಗು. 1929ರಲ್ಲಿ ಮಂಚಿಯಲ್ಲಿ ಹುಟ್ಟಿದ ಹುಡುಗ, ಮನೆಬಿಟ್ಟು ಓಡಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದ. ಮುಂದೆ ಓದೋಕೆ ಕಾಶಿಗೆ ಕಳಿಸಿದ್ದು ಸ್ವತಃ ವೀರಣ್ಣನವರೇ (ಈಗಿನ ಯಾವ ಮಾಲೀಕ ಕಳಿಸಿಯಾನು ಹೇಳಿ!). ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದುಸ್ತಾನಿ ಸಂಗೀತದ ಕಲಿಕೆ. ಆಮೇಲೆ ದೆಹಲಿ, ಭೋಪಾಲ್‌ಗಳಲ್ಲಿ ರಂಗಭೂಮಿ ಕೆಲಸ, 1989ರಲ್ಲಿ ಮೈಸೂರಿನ ರಂಗಾಯಣ ಅನ್ನೋ ನಾಟಕ ಸಂಸ್ಥೆ.

ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಅವರು ನಿರ್ದೇಶಿಸಿದ ‘ಸತ್ತವರ ನೆರಳು’ ನಾಟಕ. ಮಠದ ರಾಜಕಾರಣದ ಕಥೆಯೊಳಗೆ ಪುರಂದರದಾಸರ ಪದಗಳನ್ನು ತಂದು ಕೂರಿಸಿದ್ದಾರೆ. ಭಜನೆಯಲ್ಲಿ ಕಣ್ಮುಚ್ಚಿ ತಲೆದೂಗಿಸುವ ಅದೇ ಸಾಲು, ಇಲ್ಲಿ ನೇರ ಸ್ವಾಮಿಗಳ ಪೀಠಕ್ಕೇ ಚುಚ್ಚುತ್ತೆ! ಒಂದಕ್ಷರ ಬದಲಿಸದೆ ಪದವೊಂದನ್ನು ವ್ಯಂಗ್ಯ ಮಾಡಬಹುದು ಅಂತ ನನಗೆ ಹೊಳೆದದ್ದೇ ಆ ನಾಟಕದಿಂದ. ಇನ್ನು ಕಲ್ಲು, ತಗಡು, ಬಿದಿರು, ಕೈಗೆ ಸಿಕ್ಕಿದ್ದೆಲ್ಲ ಅವರಿಗೆ ವಾದ್ಯ.

ಯಾರ ಹತ್ರನಾದ್ರೂ ಹಳೇ ರೆಕಾರ್ಡಿಂಗ್ ಇದ್ರೆ ಕಳಿಸಿ ಮಾರಾಯ್ರೆ.